ಕನ್ಯಾಕುಮಾರಿಗೆ ಹೊರಟ ತೊಗರಿ ಚೀಲ

ದೌಲತರಾಯರು ಒಂದು ಸಲ ಮನಸ್ಸು ಮಾಡಿದರೆಂದರೆ ಮುಗಿಯಿತು! ಭೀಮಾ ನದಿ ತಿರುಗಿ ಹರಿದರೂ ಹರಿದೀತು, ದೌಲತರಾಯರು ತಿರುಗಿ ನೋಡುವವರಲ್ಲ. ಊರಲ್ಲಿ ಈ ಮಾತನ್ನು ಯಾರು ಹೇಳುತ್ತಿದ್ದರು ಎಂದು ಕೇಳಿದರೆ, ಹೆಚ್ಚಾಗಿ ದೌಲತರಾಯರೇ ಹೇಳುತ್ತಿದ್ದರು.

ಅಂಥವರು ಎಂಬತ್ತಾರನೆಯ ಇಸವಿಯ ಒಂದು ಬೆಳಗ್ಗೆ, ಆಳಂದದ ತಮ್ಮ ಮನೆಯ ಪಡಸಾಲೆಯಲ್ಲಿ ಚಹಾದ ಬಸಿಯನ್ನು ಕೆಳಗಿಟ್ಟು ಎದ್ದು ನಿಂತು ಘೋಷಿಸಿದರು.

"ನಾ ಮೋಟರ್ ಸೈಕಲ್ ಮ್ಯಾಲ ಕನ್ಯಾಕುಮಾರಿಗೆ ಹೊಂಟೇನಿ!"

ಹೆಂಡತಿ ಕಸ್ತೂರಿಬಾಯಿ ಜೋಳ ಹಸನು ಮಾಡುತ್ತಿದ್ದರು. ಮೊರದಿಂದ ತಲೆ ಎತ್ತಲಿಲ್ಲ.

"ಬರೂಮುಂದ ಕೊತ್ತಂಬರಿ ತರ್ರಿ."

"ತಮಾಷಿ ಅಲ್ಲ ಇದು! ಧರ್ಮದ ಕೆಲಸ! ಎಲ್ಲೋ ಯಾರೋ ಮೋಟರ್ ಸೈಕಲ್ ಮ್ಯಾಲ ಸಾವಿರಾರು ಮೈಲಿ ಹೋದ್ರಂತ, ಮಂದಿ ಮೈಲಿಗಿಷ್ಟು ಅಂತ ರೊಕ್ಕ ಕೊಟ್ರಂತ, ಆ ರೊಕ್ಕದಾಗ ದವಾಖಾನಿ ಕಟ್ಟಿಸಿದ್ರಂತ. ಪೇಪರಿನ್ಯಾಗ ಓದೀನಿ. ನಾನೂ ಹಂಗ ಹೋಗಿ ಮಟಕಿಯ ಹೆರಿಗಿ ಕೋಣಿ ಕಟ್ಟಿಸ್ತೇನಿ!"

ಕಸ್ತೂರಿಬಾಯಿ ಈಗ ತಲೆ ಎತ್ತಿದರು. "ಅಫಜಲಪುರಕ್ಕ ಮದುವಿಗೆ ಹೋಗಿ ಬಂದು ಎರಡು ದಿನ ಸೊಂಟಕ್ಕ ಎಣ್ಣಿ ತಿಕ್ಕಿಸಿಕೊಂಡ್ರಿ. ಕನ್ಯಾಕುಮಾರಿಗೆ ಹೋಗಿ ಬಂದ್ರ ಒಂದು ಗಾಣಾನ ಖರೀದಿ ಮಾಡಬೇಕಾಗ್ತದ."

ಮಾತು ಚುಚ್ಚಿತು. ಆದರೆ ಕೋಣೆಯ ವಿಷಯ ಮಾತ್ರ ಸುಳ್ಳಲ್ಲ. ಮಟಕಿ ದೌಲತರಾಯರ ಹುಟ್ಟೂರು. ಅಲ್ಲಿ ಹೆಣ್ಣುಮಗಳಿಗೆ ಬೇನೆ ಶುರುವಾಯಿತೆಂದರೆ ಬಂಡಿ ಕಟ್ಟಿ ಆಳಂದಕ್ಕೆ ಹೊಡೆಯಬೇಕು. ಹಾಗೂ ಹೀಗೂ ಸರಕಾರದವರು ಆ ಊರಿಗೆ ಮಲ್ಕಮ್ಮ ಎಂಬ ನರ್ಸಬಾಯಿಯನ್ನು ಕೊಟ್ಟಿದ್ದರು. ಔಷಧವನ್ನೂ ಕೊಟ್ಟಿದ್ದರು. ಕೋಣೆಯನ್ನು ಮಾತ್ರ ಊರವರೇ ಕಟ್ಟಿಕೊಡಬೇಕು, ಮಳೆಗಾಲದೊಳಗೆ ಕಟ್ಟದಿದ್ದರೆ ನರ್ಸಬಾಯಿಯನ್ನು ಬೇರೆ ಊರಿಗೆ ಕಳಿಸುತ್ತೇವೆ ಎಂದು ತಾಕೀತಾಗಿತ್ತು. ಮಲ್ಕಮ್ಮ ಆಳಂದದಿಂದ ಬಂದು ಮರದ ಕೆಳಗೆ ಸ್ಟೂಲು ಹಾಕಿಕೊಂಡು ಸೂಜಿ ಚುಚ್ಚಿ ಹೋಗುತ್ತಿದ್ದರು. ಮರದ ಕೆಳಗೆ ಸೂಜಿ ಹಾಕಬಹುದು, ಹೆರಿಗೆ ಮಾಡಿಸಲಾದೀತೇ?

ಹೀಗಾಗಿ ಕೋಣೆಯ ಚಿಂತೆ ಖರೆ. ಕನ್ಯಾಕುಮಾರಿಯ ಆಸೆ ಅದಕ್ಕಿಂತ ಒಂದು ತೂಕ ಹೆಚ್ಚು ಖರೆ!

ತಯಾರಿ ಶುರುವಾಯಿತು. ದೌಲತರಾಯರ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಮಷಿನ್ ಇಟ್ಟುಕೊಂಡು ಕೂಡುತ್ತಿದ್ದ ಮೌಲಾಲಿಯೇ ಪ್ರಚಾರ ಮಂತ್ರಿಯಾಗಿ ನೇಮಕವಾದ. ಭಾರತದ ನಕಾಶೆಯೊಂದು ಅಂಗಡಿಯ ಗೋಡೆಗೇರಿತು. ಆಳಂದದಿಂದ ಕನ್ಯಾಕುಮಾರಿಯವರೆಗೆ ದೌಲತರಾಯರು ಕೆಂಪು ಸೀಸದಿಂದ ಗೆರೆ ಎಳೆದರು. ಗೆರೆ ನೆಟ್ಟಗಿತ್ತು. ರಸ್ತೆ ಹಾಗಿಲ್ಲ ಎಂಬುದು ಸಣ್ಣ ವಿಷಯ. ಪೇಪರಿನಲ್ಲಿ ಕಂಡ ಸವಾರ ಚರ್ಮದ ಜಾಕೆಟ್ ಹಾಕಿದ್ದ. ಚರ್ಮ ಸಿಕ್ಕಲಿಲ್ಲವೆಂದು ಮೌಲಾಲಿ ಮೋಟಾರಿನ ಸೀಟಿಗೆ ಹಾಕುವ ಕರಿ ರೆಕ್ಸಿನ್ ತಂದು ಜಾಕೆಟ್ ಹೊಲಿದ. ಶಿವರಾತ್ರಿ ಕಳೆದ ಮೇಲಿನ ಆಳಂದದ ಬಿಸಿಲಿನಲ್ಲಿ ಅದನ್ನು ತೊಟ್ಟು, ಗಾಗಲ್ಸ್ ಏರಿಸಿ, ಬುಲೆಟ್ಟನ್ನು ಗುಡುಗಿಸುತ್ತ ದೌಲತರಾಯರು ಬಜಾರಿನಲ್ಲಿ ಹೊರಟರೆ ಎತ್ತುಗಳು ದಾರಿ ಬಿಡುತ್ತಿದ್ದವು.

ಚಂದಾ ಎತ್ತಲು ಮೊದಲು ಹೋಗಿದ್ದು ತೊಗರಿಯ ದೊಡ್ಡ ವ್ಯಾಪಾರಿ ಕಲ್ಯಾಣಪ್ಪನವರ ಅಡತಿ ಅಂಗಡಿಗೆ. ಅವರು ಗಾದಿಯ ಮೇಲೆ ಒರಗಿಕೊಂಡು ದೌಲತರಾಯರ ಭಾಷಣವನ್ನು ಪೂರ್ತಿ ಕೇಳಿದರು. ಕೇಳಿ, ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು.

"ಅಲ್ರಿ ದೌಲತರಾಯರ, ಗಾಡಿ ಮ್ಯಾಲ ಕುಂತು ಗಾಳಿ ತಗೊಂಡು ಹೋಗೋರು ನೀವು. ಮೈಲಿಗಿಷ್ಟು ಅಂತ ರೊಕ್ಕ ಕೊಡೋರು ನಾವು?"

"ಧರ್ಮಕ್ಕ ಕೊಡ್ತೀರಲ್ರಿ!"

"ಧರ್ಮಕ್ಕ ಬ್ಯಾಡ ಅನ್ನಂಗಿಲ್ಲ. ಆದ್ರ ಶ್ರೀಶೈಲಕ್ಕ ನಡಕೋತ ಹೋಗೋರಿಗೆ ನಾವು ಯಾಕ ದಾಸೋಹ ಮಾಡ್ತೇವಿ? ಅವರ ಕಾಲಾಗ ಬೊಬ್ಬಿ ಎದ್ದಿರ್ತಾವ. ನಿಮ್ಮ ಕಾಲಾಗ ಬೂಟು ಅದಾವ! ಕಣ್ಣಿಗೆ ಚಷ್ಮಾ! ಕೂಡಾಕ ಮೆತ್ತನ ಸೀಟು! ಹಂಗಾದ್ರ ನಾಳಿಂದ ನಾ ಪಲ್ಲಂಗದ ಮ್ಯಾಲ ಮಲಗ್ತೇನಿ, ನೀವು ತಾಸಿಗಿಷ್ಟು ಅಂತ ರೊಕ್ಕ ಕೊಡ್ರಿ."

ಅಂಗಡಿಯಲ್ಲಿ ಕುಳಿತವರೆಲ್ಲ ಹೌದ್ಹೌದು ಎಂದರು. ಅಲ್ಲಿ ನ್ಯಾಯವೇ ಶುರುವಾಯಿತು. ತ್ರಾಸ ಇಲ್ಲದ ಯಾತ್ರೆಗೆ ಪುಣ್ಯ ಇಲ್ಲ, ಪುಣ್ಯ ಇಲ್ಲದ್ದಕ್ಕೆ ರೊಕ್ಕ ಇಲ್ಲ. "ಗಾಡಿ ದೂಡಿಕೋತ ಹೋಗ್ರಿ, ನಾ ಕೊಡ್ತೇನಿ" ಅಂದ ಒಬ್ಬ. "ಬರಿಗಾಲಾಗ ಹೋಗ್ರಿ" ಅಂದ ಇನ್ನೊಬ್ಬ. "ದಿನಕ್ಕ ಒಂದ ಊಟ" ಅಂದ ಮತ್ತೊಬ್ಬ. ಮೌಲಾಲಿಗೆ ತಡೆಯಲಾಗಲಿಲ್ಲ.

"ಅರೇ, ಸಾವ್ಕಾರ್ರು ನಾ ಹೊಲದ ಜಾಕೀಟು ಹಾಕ್ಕೊಂಡು ಒಳಗೊಳಗ ಬೇಯಾಕತ್ತಾರ. ಅದು ತ್ರಾಸ ಅಲ್ಲೇನ್ರಿ?"

ಪ್ರಚಾರ ಮಂತ್ರಿಯ ಈ ವಕಾಲತ್ತಿಗೆ ಸಭೆ ಬಿದ್ದು ಬಿದ್ದು ನಕ್ಕಿತು. ಆಗ ಕಲ್ಯಾಣಪ್ಪನವರು ಗಾದಿಯಿಂದ ಮುಂದಕ್ಕೆ ಬಾಗಿದರು. ಅವರ ಕಣ್ಣಲ್ಲಿ ಒಂದು ಹೊಳಪು ಬಂದಿತ್ತು.

"ಅಂದೋಲಾದ ಗುರುಬಾಯಿ ನಿಮ್ಮ ಅತ್ತಿ ಅಲ್ಲೇನ್ರಿ?"

"ಹೌದ್ರಿ."

"ಅವರನ್ನ ಹಿಂದ ಕೂಡಿಸಿಕೊಂಡು ಹೋಗ್ರಿ! ಅದು ತ್ರಾಸ! ಹಂಗೇನರ ಹೊಂಟ್ರ, ನೀವು ಎಷ್ಟು ಕೂಡಿಸ್ತೀರೋ ಅಷ್ಟು ಮತ್ತ ನಾನೊಬ್ಬನಽ ಹಾಕ್ತೇನಿ. ಇಷ್ಟೂ ಮಂದಿ ಸಾಕ್ಷಿ!"

ಗುರುಬಾಯಿ ಎಂದರೆ ಜೇವರ್ಗಿ ತಾಲೂಕಿನ ಅಡತಿಯವರೆಲ್ಲ ಕುರ್ಚಿ ಸರಿಸಿ ಏಳುತ್ತಿದ್ದರು. ಗಂಡ ತೀರಿದ ಮೇಲೆ ಹೊಲಮನೆ ತಾವೇ ನಡೆಸಿದವರು. ತಕ್ಕಡಿಯ ಮುಳ್ಳನ್ನು ಅವರು ಒಂದು ಸಲ ದಿಟ್ಟಿಸಿದರೆ ಸಾಕು, ಮುಳ್ಳು ತಾನಾಗಿ ನೆಟ್ಟಗಾಗುತ್ತದೆಂದು ಹಮಾಲರು ಹೇಳುತ್ತಿದ್ದರು. ಕಲ್ಯಾಣಪ್ಪನವರ ತಕ್ಕಡಿಯನ್ನೂ ಒಮ್ಮೆ ಅವರು ಹಾಗೆ ದಿಟ್ಟಿಸಿದ್ದುಂಟು. ಆ ಸಿಟ್ಟು ಇನ್ನೂ ಆರಿರಲಿಲ್ಲ.

ದೌಲತರಾಯರು ಮನಸ್ಸಿನಲ್ಲೇ ಕುಣಿದರು. ಅತ್ತೆ ಒಲ್ಲೆ ಎನ್ನುವುದು ಖಾತ್ರಿ. ಎಷ್ಟಾದರೂ ಅಳಿಯನ ಎದುರು ನಿಂತು ಮಾತಾಡಬಾರದೆಂಬ ಹಳೆಯ ರಿವಾಜು ಬಿಡದ ಹೆಣ್ಣುಮಗಳು. ಹೇಳುವುದಿದ್ದರೆ ಬಾಗಿಲ ಮರೆಯಲ್ಲಿ ನಿಂತು ಗೋಡೆಗೆ ಹೇಳುವವರು. ಅಂಥವರು ಅಳಿಯನ ಹಿಂದೆ ಫಟಫಟಿ ಏರುವುದೆಂದರೇನು! ಅವರು ಒಲ್ಲೆ ಎಂದರೆ, "ನಾ ತಯಾರಿದ್ದೆ, ಅವರು ಬರಲಿಲ್ಲ" ಎಂದು ಹೇಳಿ ಕಲ್ಯಾಣಪ್ಪನ ಬಾಯಿ ಮುಚ್ಚಿಸಬಹುದು. ಹೀಗೆ ಲೆಕ್ಕ ಹಾಕಿ ಮರುದಿನವೇ ಅಂದೋಲಾಕ್ಕೆ ಬುಲೆಟ್ಟು ಓಡಿಸಿದರು.

ಗುರುಬಾಯಿ ಬಾಗಿಲ ಮರೆಯಿಂದ ಎಲ್ಲ ಕೇಳಿಸಿಕೊಂಡರು. ಇನ್ನು ಒಲ್ಲೆ ಎನ್ನುವುದೊಂದೇ ಬಾಕಿ ಎಂದು ದೌಲತರಾಯರು ಎದ್ದು ಹೊರಡುವುದಕ್ಕೆ ಬೂಟು ಹುಡುಕತೊಡಗಿದರು.

"ಕನ್ಯಾಕುಮಾರಿಯಾಗ ಸಮುದ್ರ ಅದ ಅಂತಾರ, ಖರೇನ?" ಎಂದು ಒಳಗಿನಿಂದ ಗೋಡೆಗೆ ಪ್ರಶ್ನೆ ಬಂತು.

"ಮೂರು ಸಮುದ್ರ ಅದಾವ್ರಿ ಅಲ್ಲಿ" ಎಂದು ದೌಲತರಾಯರು ಗೋಡೆಗೇ ಉತ್ತರ ಕೊಟ್ಟರು. ಕೊಟ್ಟ ಮೇಲೆ ನಾಲಿಗೆ ಕಚ್ಚಿಕೊಂಡರು.

"ಮೂರು! ನಾ ಒಂದೂ ನೋಡಿಲ್ಲ. ಕಸ್ತೂರಿ ಅಪ್ಪಾರು ಇದ್ದಾಗ ಕರಕೊಂಡು ಹೋಗ್ತೇನಿ ಅಂತಿದ್ರು. ವರ್ಷಾ ವರ್ಷಾ ಸುಗ್ಗಿ ರಾಶಿ ಮುಗೀಲಿ ಅಂತಿದ್ರು. ರಾಶಿ ಮುಗಿದ್ವು, ಅವರೂ ಮುಗಿದ್ರು. ನಾ ಬರ್ತೇನಂತ ಅಳ್ಯಾರಿಗೆ ಹೇಳ್ರಿ."

ದೌಲತರಾಯರಿಗೆ ಎದೆಯಲ್ಲಿ ಏನೋ ಮೆತ್ತಗಾಯಿತು. ಪಾಪ ಎನಿಸಿತು. ಅದರ ಬೆನ್ನಿಗೇ ಹೆದರಿಕೆಯೂ ಆಯಿತು. ಎರಡೂ ಒಟ್ಟಿಗೆ ಆದಾಗ ಮನುಷ್ಯ ಏನು ಮಾಡಬೇಕೋ ಅದನ್ನೇ ಮಾಡಿದರು. ಇನ್ನೊಂದು ಲೋಟ ನೀರು ಕೇಳಿ ಕುಡಿದರು.

ಮೊದಲು ಆಳಂದದವರೆಗೆ ಒಂದು ಪರೀಕ್ಷೆಯ ಓಟ ಆಗಲಿ, ಆಮೇಲೆ ಕನ್ಯಾಕುಮಾರಿ ಎಂದು ಮಾತಾಯಿತು. ಮರುದಿನ ಬೆಳಗ್ಗೆ ಗುರುಬಾಯಿ ಲಿಂಗಪೂಜೆ ಮುಗಿಸಿ, ಸೆರಗು ಬಿಗಿದು, ಬುಲೆಟ್ಟಿನ ಮುಂದೆ ನಿಂತರು. ಗಾಡಿಯನ್ನು ಮೇಲಿಂದ ಕೆಳಗೆ ನೋಡಿದರು. ಅವರಿಗೆ ಒಂದೇ ಅಡಚಣೆ ಕಂಡಿತು. ಕೂಡುವುದು ಅಳಿಯನ ಬೆನ್ನಿಗೆ ಹತ್ತಿ! ಹಿಡಿಯುವುದು ಅಳಿಯನ ಹೆಗಲು! ಅತ್ತೆ ಅಳಿಯನ ಹೆಗಲು ಹಿಡಿದು ಜೇವರ್ಗಿ ಬಜಾರಿನಲ್ಲಿ ಹೋದರೆ ಏಳು ಹಳ್ಳಿಯ ಮಂದಿ ಏನೆಂದಾರು?

ಗುರುಬಾಯಿ ಒಳಗೆ ಹೋಗಿ ಅರ್ಧ ಚೀಲ ತೊಗರಿ ತಂದು ಸೀಟಿನ ನಟ್ಟನಡುವೆ ನಿಲ್ಲಿಸಿ ಹಗ್ಗದಿಂದ ಬಿಗಿಸಿದರು. "ಈಗ ಚಂದಾತು" ಎಂದು ಅದರ ಹಿಂದೆ ಏರಿ ಕುಳಿತು, ಎರಡೂ ಕೈಯಿಂದ ಚೀಲವನ್ನು ಅಪ್ಪಿಕೊಂಡರು. ಮುಂದೆ ಅಳಿಯ, ಹಿಂದೆ ಅತ್ತೆ, ನಡುವೆ ಮರ್ಯಾದೆ! ದೌಲತರಾಯರು ಒಂದು ಗೇಣು ಮುಂದಕ್ಕೆ ಸರಿದರು.

ಅಷ್ಟಾಗಿದ್ದರೆ ಚಿಂತೆ ಇರಲಿಲ್ಲ. ಅಂದೋಲಾದಿಂದ ಜೇವರ್ಗಿ, ಭೀಮಾ ಸೇತುವೆ, ಗುಲಬರ್ಗಾ, ಆಳಂದ. ಮಧ್ಯಾಹ್ನದ ಊಟಕ್ಕೆ ಮನೆ. ಆದರೆ ಊರ ಅಗಸಿ ಬಾಗಿಲು ದಾಟುವುದರೊಳಗೆ ಹಿಂದಿನಿಂದ ದನಿ ಬಂತು. ಎದುರಿಗೆ ಗೋಡೆ ಇರಲಿಲ್ಲವಾದ್ದರಿಂದ ಗುರುಬಾಯಿ ಚೀಲದ ಜೊತೆ ಮಾತಾಡುತ್ತಿದ್ದರು.

"ಜರಾ ನಿಂದ್ರಸಾಕ ಹೇಳು ಅಳ್ಯಾರಿಗೆ. ಮಠದಾಗ ನಮಸ್ಕಾರ ಮಾಡಿ ಹೋಗೋಣು. ಹಾದಿಮ್ಯಾಲ ಅದ."

ಮಠದ ನಂತರ ನಾದಿನಿಯ ಮನೆ ಹಾದಿಯ ಮೇಲಿತ್ತು. ಜೇವರ್ಗಿಯಲ್ಲಿ ಚಿಕ್ಕವ್ವನ ಮಗಳ ಮನೆ ಹಾದಿಯ ಮೇಲಿತ್ತು. ಆ ಸೀಮೆಯಲ್ಲಿ ಗುರುಬಾಯಿಯ ಬೀಗರಿಲ್ಲದ ಹಾದಿಯೇ ಇರಲಿಲ್ಲ! ಮತ್ತು ಬೀಗರ ಮನೆಯಿಂದ ಉಣ್ಣದೆ ಏಳುವ ಪದ್ಧತಿಯೂ ಇರಲಿಲ್ಲ. ದೌಲತರಾಯರು ರೆಕ್ಸಿನ್ ಜಾಕೆಟ್ಟಿನೊಳಗೆ ಹೋಳಿಗೆ ತುಂಬಿಕೊಂಡು, ಗುಂಡಿ ಹಾಕಲು ಬಾರದೆ, ಪ್ರತಿ ಮನೆಯ ಕಟ್ಟೆಯ ಮೇಲೆ ಕುಳಿತು ಮಂದಿಗೆ ಯಾತ್ರೆಯ ಮಹತ್ವವನ್ನು ವಿವರಿಸಿದರು. ಮಂದಿ ಆಕಳಿಸಿದರು.

ಒಳಗೆ ಅಡುಗೆಮನೆಯಲ್ಲಿ ಗುರುಬಾಯಿ ಹೆಣ್ಣುಮಕ್ಕಳ ನಡುವೆ ಕುಳಿತು ಬೇರೆ ಥರ ಹೇಳುತ್ತಿದ್ದರು. ಕನ್ಯಾಕುಮಾರಿಯ ಹೆಸರನ್ನೇ ಅವರು ಎತ್ತುತ್ತಿರಲಿಲ್ಲ.

"ನಮ್ಮ ಕಸ್ತೂರಿ ಹುಟ್ಟಿದ್ದು ಬಂಡ್ಯಾಗ ಬೇ. ದವಾಖಾನಿಗೆ ಒಯ್ಯೋ ಹಾದ್ಯಾಗ, ನಡಬಿಸಿಲಾಗ. ಎತ್ತು ಹೊಡಿಯೋ ಮನಿಷ್ಯಾ ಆ ಕಡಿ ಮಾರಿ ಮಾಡಿ ನಿಂತಿದ್ದ. ಕುಡಿಯಾಕ ನೀರ ಸೈತ ಇದ್ದಿದ್ದಿಲ್ಲ. ಮಟಕಿ ಹೆಣ್ಣುಮಕ್ಕಳಿಗೆ ಇನ್ನೂ ಅದಽ ಗತಿ ಅದ ನೋಡ್ರಿ. ಒಂದು ಕೋಣಿ ಆದ್ರ ನರ್ಸಬಾಯಿ ಉಳೀತಾಳ. ಕೊಡೋದಿದ್ರ ಕೊಡ್ರಿ."

ಕಟ್ಟೆಯ ಮೇಲಿದ್ದ ದೌಲತರಾಯರ ಕಿವಿಗೆ ಇದು ಬಿತ್ತು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿ ಬಂಡಿಯಲ್ಲಿ ಹುಟ್ಟಿದವಳೆಂದು ಅವರಿಗೆ ಗೊತ್ತೇ ಇರಲಿಲ್ಲ. ಇಷ್ಟು ದಿನ ಕೋಣೆಯ ಬಗ್ಗೆ ತಾವು ಮಾಡಿದ ಭಾಷಣವೆಲ್ಲ ನೆನಪಾಗಿ ಅವರಿಗೆ ನಾಚಿಕೆಯಾಯಿತು.

ಕೊಡುವವರು ಕೊಟ್ಟರು. ಆಗಷ್ಟೇ ರಾಶಿ ಮುಗಿದ ದಿನಗಳು, ಮನೆಮನೆಯಲ್ಲೂ ತೊಗರಿ. ರೊಕ್ಕ ಗಂಡಸರ ಕಿಸೆಯಲ್ಲಿರುತ್ತದೆ, ಕಾಳಿನ ಮೇಲೆ ಹೆಂಗಸರ ಕೈಯಿರುತ್ತದೆ! ಮೊರ ಮೊರ ತಂದು ಚೀಲಕ್ಕೆ ಸುರಿದರು. ಹಿಂದೆ ಕುಳಿತ ಗುರುಬಾಯಿಯ ಅವಸ್ಥೆ ನೋಡಿ, "ಅಯ್ಯ, ಈ ವಯಸ್ಸಿನ್ಯಾಗ ಇಂಥಾ ತ್ರಾಸ ತಗೊಂಡೀಯಲ್ಲವ್ವ!" ಎಂದು ಇನ್ನೊಂದು ಮೊರ ಹೆಚ್ಚಿಗೆ ಹಾಕಿದರು. ತುಂಬಿ ಉಳಿದ ಕಾಳನ್ನು ಬಂಡಿಯ ಮೇಲೆ ಆಳಂದಕ್ಕೆ ಕಳಿಸುತ್ತೇವೆಂದರು.

ಚೀಲ ದಪ್ಪಗಾದಂತೆಲ್ಲ ದೌಲತರಾಯರು ಮುಂದಕ್ಕೆ ಸರಿಯುತ್ತ ಹೋದರು. ಭೀಮಾ ಸೇತುವೆ ಬರುವ ಹೊತ್ತಿಗೆ ಅವರು ಸೀಟು ಬಿಟ್ಟು ಪೆಟ್ರೋಲ್ ಟಾಕಿಯ ಮೇಲಿದ್ದರು. ಟಾಕಿ ಬಿಸಿಲಿಗೆ ಕಾದ ಹಂಚಾಗಿತ್ತು.

ಗುಲಬರ್ಗಾದಲ್ಲಿ ಆಳಂದದ ರಸ್ತೆ ಹಿಡಿಯುವಷ್ಟರಲ್ಲಿ ಮತ್ತೆ ಚೀಲಕ್ಕೆ ಅಪ್ಪಣೆಯಾಯಿತು.

"ಅಫಜಲಪುರದಾಗ ನಮ್ಮ ತಂಗಿ ಸಕ್ಕುಬಾಯಿ ಇದ್ದಾಳ. ಅಕಿನ್ನ ಭೆಟ್ಟಿ ಆಗಿ ಹೋಗೋಣು."

"ಅಫಜಲಪುರ ಹಾದಿಮ್ಯಾಲ ಇಲ್ರಿ ಅತ್ಯಾರ!" ಎಂದು ದೌಲತರಾಯರು ಹ್ಯಾಂಡಲ್ಲಿನ ಮೇಲಿಂದ ಕೂಗಿದರು.

"ಗಾಡಿ ತಿರುಗಿಸಿದ್ರ ಹಾದಿಮ್ಯಾಲ ಬರ್ತದಂತ ಹೇಳು ಅಳ್ಯಾರಿಗೆ."

ಗಾಡಿ ತಿರುಗಿತು.

ಒಪ್ಪತ್ತಿನಲ್ಲಿ ಮುಗಿಯಬೇಕಾದ ಓಟ ಮೂರನೆಯ ದಿನಕ್ಕೆ ಮುಗಿಯಿತು. ಅಫಜಲಪುರದ ಕಡೆಯಿಂದ ಬುಲೆಟ್ಟು ಆಳಂದದ ಬಜಾರಿಗೆ ಬಂದಾಗ ಮೌಲಾಲಿ ಹೂವಿನ ಹಾರ ಹಿಡಿದು ಓಡಿ ಬಂದ. ಹಾರ ಯಾರಿಗೆ ಹಾಕುವುದೆಂದು ತಿಳಿಯದೆ ನಿಂತುಬಿಟ್ಟ. ಮುಂದುಗಡೆ ಹೆಡ್‌ಲೈಟಿನ ಮೇಲೆ ಗದ್ದ ಊರಿದ ಒಂದು ಗಾಗಲ್ಸ್ ಕಾಣುತ್ತಿತ್ತು. ನಡುವೆ ಒಂದು ಆನೆಯಂಥ ಚೀಲ. ಹಿಂದೆ ಕಿತ್ತೂರಿನ ರಾಣಿಯ ಹಾಗೆ ಗುರುಬಾಯಿ! ಅವನು ಆಮೇಲೆ ಹಾರವನ್ನು ಚೀಲಕ್ಕೆ ಹಾಕಿದ.

"ಸಾವ್ಕಾರ್ ಎಲ್ಲಿ ಅದಾರ್ರಿ?"

"ಇಲ್ಲೇ ಅದೀನಿ, ಮೊದಲ ನನ್ನ ಇಳಸಲೇ!" ಎಂದಿತು ಗಾಗಲ್ಸು.

ಅದರ ಬೆನ್ನಿಗೇ ಜೇವರ್ಗಿ ಕಡೆಯ ಬಂಡಿಗಳು ಬಂದವು. ಅಫಜಲಪುರದ ಬಂಡಿಯೂ ಬಂತು. ಎಲ್ಲ ಸೀದಾ ಕಲ್ಯಾಣಪ್ಪನವರ ಅಡತಿಯ ಮುಂದೆ ನಿಂತವು. ಚೀಲಗಳು ಇಳಿಯುತ್ತ ಇಳಿಯುತ್ತ ಕಲ್ಯಾಣಪ್ಪನವರ ಮುಖವೂ ಇಳಿಯಿತು. ಎಷ್ಟು ಕೂಡಿತೋ ಅಷ್ಟೇ ತಾನೂ ಹಾಕುತ್ತೇನೆಂದು ನಾಲ್ಕು ಜನರೆದುರು ಆಡಿದ ಮಾತು! ಗುರುಬಾಯಿ ಸೆರಗು ಸರಿಪಡಿಸಿಕೊಂಡು ತಕ್ಕಡಿಯ ಪಕ್ಕಕ್ಕೆ ಹೋಗಿ ನಿಂತರು. ಮುಳ್ಳನ್ನು ದಿಟ್ಟಿಸಿದರು ಅಷ್ಟೆ. ಅಂದು ಆಳಂದದಲ್ಲಿ ಆದಷ್ಟು ನೆಟ್ಟಗಿನ ತೂಕ ಹಿಂದೆ ಆಗಿರಲಿಲ್ಲ. ಕಲ್ಯಾಣಪ್ಪನವರು ಒಳ್ಳೆಯ ಮನುಷ್ಯರೇ. ಮೊದಲು ಬೆವರಿದರು, ಆಮೇಲೆ ನಕ್ಕರು, ಕೊನೆಗೆ ಮಾತಿನಂತೆ ಕೊಟ್ಟರು.

ಕೋಣೆಗೆ ಸಾಕಾಗಿ, ಮುಂದೊಂದು ಕಟ್ಟೆಗೂ ಆಗುವಷ್ಟು ಒದಗಿತು. ದೌಲತರಾಯರು ಹಿಗ್ಗಿ ಹೀರೇಕಾಯಿಯಾದರು. ಉರಿಯುವ ತೊಡೆಯನ್ನು ಮರೆತು ಬಂಡಿಯ ಮೇಲೆ ಹತ್ತಿ ನಿಂತರು.

"ಮಹಾಜನರೇ! ಇದು ಬರೇ ಪರೀಕ್ಷೆ! ಇನ್ನು ನಮ್ಮ ಖರೇ ಯಾತ್ರೆ! ಸೋಮವಾರ ಕನ್ಯಾಕುಮಾರಿಗೆ..."

"ಯಾಕ್ರಿ?" ಎಂದರು ಕಲ್ಯಾಣಪ್ಪ.

"ಯಾಕ ಅಂದ್ರ? ಚಂದಾ ಎತ್ತಾಕ!"

"ಚಂದಾ ಬಂತಲ್ರಿ. ಇನ್ನ ಹೋಗೋದ್ಯಾಕ? ಪೆಟ್ರೋಲು ದಂಡ."

ದೌಲತರಾಯರು ಮೌಲಾಲಿಯನ್ನು ನೋಡಿದರು. ಪ್ರಚಾರ ಮಂತ್ರಿ ನೆಲ ನೋಡುತ್ತಿದ್ದ. ಹೆಂಡತಿಯನ್ನು ನೋಡಿದರು. ಕಸ್ತೂರಿಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಗೋಡೆಯ ಮೇಲಿನ ನಕಾಶೆ, ಕೆಂಪು ಗೆರೆ, ಜಾಕೆಟ್ಟು, ಎಲ್ಲ ಕಣ್ಣ ಮುಂದೆ ಬಂತು. ಯಾತ್ರೆ ಹೊರಡುವ ಮೊದಲೇ ಯಾತ್ರೆಯ ಫಲ ಬಂದುಬಿಟ್ಟಿತ್ತು! ಕೊನೆಯ ಆಸರೆಯೆಂದು ಅತ್ತೆಯ ಕಡೆ ತಿರುಗಿದರು.

"ಅತ್ಯಾರ ಸಮುದ್ರ ನೋಡಬೇಕಲ್ರಿ!"

ಗುರುಬಾಯಿ ತಕ್ಕಡಿಗೆ ಹೇಳಿದರು: "ನೋಡೋದಂತೂ ಖರೆ. ಆದ್ರ ಬಸ್ಸಿನ್ಯಾಗ ಹೋಗ್ತೇನಿ. ಸಮುದ್ರ ನೋಡೋತನಕಾ ಜೀವ ಇರಬೇಕಲ್ಲ."

ಹಾಗೇ ಆಯಿತು. ಗುರುಬಾಯಿ, ಕಸ್ತೂರಿಬಾಯಿ, ಸಕ್ಕುಬಾಯಿ ಮೂವರೂ ಬಸ್ಸು ರೈಲು ಹತ್ತಿ ಕನ್ಯಾಕುಮಾರಿಗೆ ಹೋಗಿ ಬಂದರು. "ನೀರು ಭಾಳ ಅದ, ಆದ್ರ ಒಂದು ತಂಬಿಗಿ ಕುಡಿಯಾಕ ಬರಂಗಿಲ್ಲ. ನೋಡಿ ಕಣ್ಣ ತಂಪಾತು" ಎಂದು ಗುರುಬಾಯಿ ಅಡುಗೆಮನೆಯ ಗೋಡೆಗೆ ವರದಿ ಒಪ್ಪಿಸಿದರು. ಅವರ ದನಿಯಲ್ಲಿದ್ದ ಸಂತೋಷ ಕೇಳಿ ಪಡಸಾಲೆಯಲ್ಲಿದ್ದ ದೌಲತರಾಯರಿಗೂ ಖುಷಿಯಾಯಿತು. ಹೊಟ್ಟೆಕಿಚ್ಚು ಆಗಲಿಲ್ಲವೇ ಎಂದರೆ, ಸ್ವಲ್ಪ ಆಯಿತು.

ಅವರು ಮಾತ್ರ ಆ ಬೇಸಿಗೆಯೆಲ್ಲ ಆಳಂದಕ್ಕೂ ಮಟಕಿಗೂ ನಡುವೆ ಓಡಾಡಿದರು. ಬುಲೆಟ್ಟಿನ ಮೇಲೆ ಸಿಮೆಂಟು, ಬುಲೆಟ್ಟಿನ ಮೇಲೆ ಬಾಗಿಲ ಚೌಕಟ್ಟು, ಬುಲೆಟ್ಟಿನ ಮೇಲೆ ಗೌಂಡಿಯ ಬುತ್ತಿ. ಓಡಾಡಿದ್ದೆಲ್ಲ ಕೂಡಿಸಿದರೆ ಕನ್ಯಾಕುಮಾರಿಗೆ ಹೋಗಿ ಅರ್ಧ ದಾರಿ ತಿರುಗಿ ಬಂದಷ್ಟಾಯಿತೆಂದು ಅವರೇ ಹೇಳಿಕೊಂಡರು. ಮಿರಗದ ಮಳೆ ಬಿದ್ದು ಮಳೆಗಾಲ ಶುರುವಾಗುವ ಮೊದಲೇ ಕೋಣೆ ಎದ್ದಿತು. ಬಿಳಿ ಸುಣ್ಣ, ಹಸಿರು ಬಾಗಿಲು, ಒಳಗೆ ಹೊಸ ಕಬ್ಬಿಣದ ಮಂಚ. ನರ್ಸಬಾಯಿ ಮಟಕಿಯಲ್ಲೇ ಉಳಿಯುತ್ತಾರೆಂದು ಹುಕುಮೂ ಬಂತು.

ಉದ್ಘಾಟನೆಯ ದಿನ ಇಡೀ ಊರು ಸೇರಿತ್ತು. ಬಾಗಿಲಿಗೆ ರಿಬ್ಬನ್ ಕಟ್ಟಿತ್ತು. ಕತ್ತರಿ ಹಾಕಬೇಕಾದವರು ಮಲ್ಕಮ್ಮ ನರ್ಸಬಾಯಿ. ಆದರೆ ಆಳಂದದಿಂದ ಅವರು ಬರಬೇಕಾದ ಬಸ್ಸು ಬರಲಿಲ್ಲ. ಮಂದಿ ಗುಸುಗುಸು ಶುರು ಮಾಡಿದರು. ದೌಲತರಾಯರು ಎದ್ದರು! ರೆಕ್ಸಿನ್ ಜಾಕೆಟ್ಟು ತೊಟ್ಟರು, ಗಾಗಲ್ಸ್ ಏರಿಸಿದರು, ಬುಲೆಟ್ಟಿಗೆ ಒದ್ದರು. "ಎಲೆ ಅಡಿಕೆ ಹಾಕ್ಕೊಳ್ಳೋದ್ರಾಗ ಕರ್ಕೊಂಡು ಬರ್ತೇನಿ!" ಎಂದು ಗರ್ಜಿಸಿ ಧೂಳಿನಲ್ಲಿ ಮಾಯವಾದರು.

ಹೇಳಿದ ಮಾತಿಗೆ ತಪ್ಪಲಿಲ್ಲ. ಬಾಯಲ್ಲಿನ ಎಲೆ ಕೆಂಪಾಗುವಷ್ಟರಲ್ಲಿ ಬುಲೆಟ್ಟು ಗುಡುಗುತ್ತ ಬಂದು ಕೋಣೆಯ ಮುಂದೆ ನಿಂತಿತು. ಹಲಗೆ ವಾದ್ಯ ಮೊಳಗಿತು. ಮಂದಿ ಚಪ್ಪಾಳೆ ಹೊಡೆದರು. ದೌಲತರಾಯರು ಗಾಗಲ್ಸ್ ತೆಗೆದು ಎಲ್ಲರಿಗೂ ಕೈ ಮುಗಿದರು.

ಮಲ್ಕಮ್ಮ ಮೆಲ್ಲಗೆ ಇಳಿದರು. ಮುಖ ಗೋಡೆಯ ಸುಣ್ಣದಷ್ಟೇ ಬೆಳ್ಳಗಾಗಿತ್ತು. ಹಾರಕ್ಕೆ ಕುತ್ತಿಗೆ ಒಡ್ಡಲಿಲ್ಲ, ಕತ್ತರಿ ಹಿಡಿಯಲಿಲ್ಲ. ರಿಬ್ಬನ್ನಿನ ಕೆಳಗೆ ಬಗ್ಗಿ ಒಳಗೆ ನುಗ್ಗಿ ಹೊಸ ಮಂಚದ ಮೇಲೆ ಚಾಚಿಕೊಂಡು ಮಲಗಿಬಿಟ್ಟರು.

"ತಲಿ ಗರಗರ ತಿರಗಾಕತ್ತದ್ರಿ! ಯಾರರ ನೀರ ಕೊಡ್ರಿ, ನನ್ನ ನಾಡಿ ಹಿಡದು ನೋಡ್ರಿ! ಈ ದವಾಖಾನಿಗೆ ಮೊದಲನೇ ಪೇಶೆಂಟ್ ನಾನಽ!"

ಹಲಗೆ ನಿಂತಿತು. ದೌಲತರಾಯರ ಕೈ ಮುಗಿದಂತೆಯೇ ಉಳಿಯಿತು. ಕಸ್ತೂರಿಬಾಯಿ ನೀರಿನ ತಂಬಿಗೆ ಹಿಡಿದು ಒಳಗೆ ಹೋಗುತ್ತ, ಗಂಡನ ಬಳಿ ಒಂದು ಗಳಿಗೆ ನಿಂತರು.

"ದೇವರು ದೊಡ್ಡಂವ ಅದಾನ್ರಿ. ನೀವು ಕನ್ಯಾಕುಮಾರಿತನಕಾ ಹೋಗಿದ್ರ, ಹಾದಿಗುಂಟ ಇನ್ನೂ ಎಷ್ಟು ದವಾಖಾನಿ ಕಟ್ಟಿಸಬೇಕಾಗಿತ್ತೋ!"